ಬೆಳಗಿನ ಜಾವ ಸೀಗಡಿಗೆ ಉಸಿರು ಕಟ್ಟುವುದೇಕೆ?

ಸೇಲಂ, ಧರ್ಮಪುರಿ ಜಿಲ್ಲೆಗಳಿಗೆ ಕಡಲಿಲ್ಲ. ಆದರೆ ಕಾವೇರಿ ಹೊಗೇನಕಲ್ ದಾಟಿ ಮೆಟ್ಟೂರು ಜಲಾಶಯ ಸೇರುವ ಈ ಸೀಮೆಗೆ ಸಿಹಿನೀರಿನ ಸೀಗಡಿ ಹೊಸದಲ್ಲ. ಹೊಂಡವಿರುವ ರೈತರು ಕಾಟ್ಲಾ, ರೋಹು ಮೀನುಗಳ ಜೊತೆ ಇದನ್ನೂ ಸಾಕಬಹುದು. ಆದರೆ ತಿಂಗಳುಗಟ್ಟಲೆ ಮೇವು ಹಾಕಿ ಬೆಳೆಸಿದ ಸೀಗಡಿ ಒಂದೇ ರಾತ್ರಿಯಲ್ಲಿ ಸತ್ತು ಬೀಳುವುದುಂಟು. ಯಾರೋ ವಿಷ ಹಾಕಿದರೆಂದು ನೆರೆಯವರನ್ನು ಸಂಶಯಿಸುವ ಮೊದಲು ನಾವು ನೀರನ್ನು ಪರೀಕ್ಷಿಸಬೇಕು.

ಹಗಲಿನಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೇ ಪಾಚಿ, ತಳದ ಕೆಸರು, ಸೀಗಡಿ ಎಲ್ಲವೂ ಆಮ್ಲಜನಕವನ್ನು ಬಳಸುತ್ತವೆ. ಆದ್ದರಿಂದ ಸೂರ್ಯೋದಯಕ್ಕೆ ಮುಂಚೆ ಅದು ತೀರಾ ಕಡಿಮೆ. ಬಿಸಿಲುಕಾಲದಲ್ಲಿ ತೊಂದರೆ ಹೆಚ್ಚು: 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು ಏಳೂವರೆ ಮಾತ್ರ. ನೀರು ಬಿಸಿಯಾದಷ್ಟೂ ಸೀಗಡಿಗೆ ಬೇಕಾದ ಉಸಿರೂ ಹೆಚ್ಚು.

ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಕ್ಷೇಮ; 3ಕ್ಕಿಂತ ಇಳಿದರೆ ಸೀಗಡಿ ಬಳಲುತ್ತದೆ. ಆದರೆ ಎಷ್ಟು ತಾಳುತ್ತದೆ ಎಂಬುದನ್ನು ನೀರಿನ ಉಳಿದ ಗುಣಗಳೂ ನಿರ್ಧರಿಸುತ್ತವೆ. ಹೆಚ್ಚಾದ ಮೇವು ಕೊಳೆತು ಅಮೋನಿಯಾ ಆದರೆ ಕಿವಿರು ಕೆಡುತ್ತದೆ. ನೈಟ್ರೈಟ್ ಸೇರಿದರೆ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿ ಕುಂದುತ್ತದೆ. ಚಿಪ್ಪು ಕಳಚುವ ಸಮಯದಲ್ಲಂತೂ ಸೀಗಡಿ ಬಲು ಸೂಕ್ಷ್ಮ. ಶುದ್ಧ ನೀರಿನಲ್ಲಿ ಬದುಕಿ ಉಳಿಯುವಷ್ಟೇ ಆಮ್ಲಜನಕವಿದ್ದರೂ ಕೆಟ್ಟ ನೀರಿನಲ್ಲಿ ಅದು ಸಾಯಬಹುದು.

ನಾವು ಮಾಡಬೇಕಾದದ್ದೇನು? ಬೆಳಗಿನ ಜಾವ ಟಾರ್ಚ್ ಹಿಡಿದು ಹೊಂಡದ ಸುತ್ತ ಒಮ್ಮೆ ನಡೆಯೋಣ. ಸೀಗಡಿಗಳು ದಂಡೆಗೆ ಬಂದು ಗುಂಪುಗೂಡಿದ್ದರೆ ಅದೇ ಎಚ್ಚರಿಕೆ. ಒಂದು ಅಡಿ ಆಳದಲ್ಲಿ ಅಂಗೈ ಕಾಣದಷ್ಟು ನೀರು ಹಸಿರಾಗಿದ್ದರೆ, ಮೋಡ ಮುಚ್ಚಿದ ದಿನವಾಗಿದ್ದರೆ, ಮೇವನ್ನು ಕಡಿಮೆ ಮಾಡೋಣ ಅಥವಾ ನಿಲ್ಲಿಸೋಣ. ಕರೆಂಟ್ ನಂಬಿ ಕೂರದೆ ಡೀಸೆಲ್ ಪಂಪು ಸಿದ್ಧವಿರಲಿ. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದನ್ನು ಕಲ್ಲಿನ ಮೇಲೆ ಎತ್ತರದಿಂದ ಚಿಮ್ಮುವಂತೆ ಬಿಡಬೇಕು.

ಗಾಬರಿಯಲ್ಲಿ ಸುಣ್ಣ ಸುರಿಯಬಾರದು. ನೀರಿನ ಪಿಎಚ್ 8ರಿಂದ 9ಕ್ಕೆ ಏರಿದರೆ ವಿಷಕಾರಿ ಅಮೋನಿಯಾದ ಪಾಲು ಸುಮಾರು ಆರು ಪಟ್ಟಾಗುತ್ತದೆ. ಮದ್ದೆಂದು ಹಾಕಿದ್ದೇ ಮೃತ್ಯುವಾದೀತು.

ಹಸುವಿನ ಕೊಟ್ಟಿಗೆಗೆ ಗಾಳಿ ಬೇಕೆಂದು ನಾವು ಬಲ್ಲೆವು. ಹೊಂಡವೂ ಒಂದು ಕೊಟ್ಟಿಗೆಯೇ. ಅಲ್ಲಿನ ಗಾಳಿ ಕಣ್ಣಿಗೆ ಕಾಣದು, ಅಷ್ಟೇ.