ಆಹಾರ ವಿಕಾರಗಳೂ ವ್ಯಾಯಾಮ ಚಿಕಿತ್ಸೆಯೂ

ವ್ಯಾಯಾಮವು ದೇಹಕ್ಕೆ ಹಿತವೆಂಬುದನ್ನು ಅಲ್ಲಗಳೆಯುವವರಿಲ್ಲ. ಆದರೆ ವ್ಯಾಯಾಮವೇ ವ್ಯಾಧಿಯ ಅಂಗವಾಗಿ ಬೆಳೆಯುವ ಕಾಯಿಲೆಯೂ ಉಂಟು. ಅಲ್ಲಿ ಅದೇ ವ್ಯಾಯಾಮವನ್ನು ಅಳತೆಯರಿತು ಔಷಧವಾಗಿ ಬಳಸಬಹುದೆಂಬ ವಿಚಾರಕ್ಕೆ ವೈದ್ಯರು ಗಮನವಿತ್ತುದು ಬಹಳ ತಡವಾಗಿ.

1873ರಲ್ಲಿ ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ ಅವರು, ಊಟ ತೊರೆದು ಕೃಶರಾಗುತ್ತಿದ್ದ ತರುಣಿಯರ ಕಾಯಿಲೆಗೆ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಹೆಸರನ್ನು ಬಳಸಿದರು. ಮೊದಲ ಪದಕ್ಕೆ ಹಸಿವಿಲ್ಲದಿರುವಿಕೆ ಎಂದು ಅರ್ಥ. ಹೆಸರು ಅಷ್ಟೇನೂ ಒಪ್ಪುವುದಿಲ್ಲ. ರೋಗಿಗೆ ಹಸಿವಿಲ್ಲವೆಂದಲ್ಲ, ದಪ್ಪಗಾದೇನೆಂಬ ಭಯವು ಹಸಿವನ್ನು ಮೆಟ್ಟಿ ನಿಂತಿರುತ್ತದೆ. ಎಲುಬು ತೊಗಲು ಮಾತ್ರ ಉಳಿದಿದ್ದ ಯುವತಿಯೊಬ್ಬಳು ನಿಂತಲ್ಲಿ ನಿಲ್ಲದೆ ಚಟುವಟಿಕೆಯಿಂದಿದ್ದುದನ್ನು ಕಂಡು ಗಲ್ ಅವರು ವಿಸ್ಮಯಪಟ್ಟಿದ್ದರು.

ಇದು ಬರಿಯ ಹಟವಲ್ಲ. 1967ರಲ್ಲಿ ರೌಟನ್‌ಬರ್ಗ್ ಮತ್ತು ಕುಜ್ನೆಸೋಫ್ ಎಂಬ ವಿಜ್ಞಾನಿಗಳು ಇಲಿಗಳಿಗೆ ದಿನಕ್ಕೆ ಒಂದು ಗಂಟೆ ಮಾತ್ರ ಆಹಾರವಿತ್ತು, ಉಳಿದ ವೇಳೆ ಓಡಲು ಚಕ್ರವೊಂದನ್ನು ಒದಗಿಸಿದರು. ಇಲಿಗಳು ದಿನೇ ದಿನೇ ಹೆಚ್ಚು ಓಡಿದವು. ಆಹಾರ ಎದುರಿಗಿದ್ದಾಗಲೂ ಸಾಕಷ್ಟು ತಿನ್ನಲಿಲ್ಲ. ತೂಕ ಕಳೆದುಕೊಂಡು ಸಾವಿನ ಅಂಚಿಗೆ ಬಂದವು. ಚಕ್ರವಿಲ್ಲದ ಇಲಿಗಳು ಅದೇ ಒಂದು ಗಂಟೆಯ ಊಟಕ್ಕೆ ಹೊಂದಿಕೊಂಡವು. ಇಲಿಯ ಪಂಜರದಿಂದ ಮನುಷ್ಯನ ಕಾಯಿಲೆಯೆಲ್ಲವೂ ತಿಳಿಯದು, ನಿಜ. ಆದರೂ ಉಪವಾಸವು ಓಟವನ್ನು ಕೆರಳಿಸುತ್ತದೆ, ಓಟವು ಉಪವಾಸವನ್ನು ಬಿಗಿಗೊಳಿಸುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಆದುದರಿಂದ ವೈದ್ಯರು ರೋಗಿಯನ್ನು ಹಾಸಿಗೆಯಲ್ಲಿ ಮಲಗಿಸಿಡುತ್ತಿದ್ದುದು ಸಹಜವೇ. ಆಹಾರ ಸಾಲದ ದೇಹವು ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ, ನಾಡಿ ನಿಧಾನವಾಗುತ್ತದೆ, ಹೃದಯ ಸೋಲುವ ಅಪಾಯವಿರುತ್ತದೆ. ಮನೋವ್ಯಾಧಿಗಳ ಪೈಕಿ ಅತಿ ಹೆಚ್ಚು ಜೀವಹಾನಿ ಮಾಡುವವುಗಳಲ್ಲಿ ಇದೂ ಒಂದು. ಆದರೆ ದೀರ್ಘಕಾಲ ಮಲಗಿದ್ದರೆ ಮೊದಲೇ ಸವೆದ ಎಲುಬು ಇನ್ನಷ್ಟು ಸವೆಯುತ್ತದೆ. ಮೇಲಾಗಿ, ನಿಷೇಧಿಸಿದ ವ್ಯಾಯಾಮವು ಸ್ನಾನಗೃಹದಲ್ಲಿ ಗುಟ್ಟಾಗಿ ನಡೆಯುತ್ತದೆ. 1994ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಪಿಯರ್ ಬ್ಯೂಮಾಂಟ್ ಮತ್ತು ಸಂಗಡಿಗರು ನಿಷೇಧಕ್ಕೆ ಬದಲು ಮೇಲ್ವಿಚಾರಣೆಯ ವ್ಯಾಯಾಮವನ್ನು ಸೂಚಿಸಿದರು.

ಇಂತಹ ಚಿಕಿತ್ಸೆಯಲ್ಲಿ ಹೃದಯ, ರಕ್ತದ ಲವಣಾಂಶ ಮೊದಲಾದುವನ್ನು ಪರೀಕ್ಷಿಸದೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. ಮೈಸಡಿಲಿಕೆ, ನಿಲುವಿನ ತಿದ್ದುಪಡಿ, ಬಳಿಕ ಲಘು ಭಾರವೆತ್ತುವುದು, ಹೀಗೆ ಕ್ರಮ ಸಾಗುತ್ತದೆ. ಒಬ್ಬಳೇ ಓಡುವುದಕ್ಕಿಂತ ಗುಂಪಿನ ಆಟ ಮೇಲು. ಎಷ್ಟು ಕ್ಯಾಲೊರಿ ಕರಗಿತೆಂಬ ಲೆಕ್ಕಕ್ಕೆ ಇಲ್ಲಿ ಎಡೆಯಿಲ್ಲ.

ಹೊಟ್ಟೆಬಿರಿಯ ತಿಂದು ವಾಂತಿಮಾಡಿಕೊಳ್ಳುವ ‘ಬುಲಿಮಿಯಾ’ ರೋಗವನ್ನು 1979ರಲ್ಲಿ ಜೆರಾಲ್ಡ್ ರಸೆಲ್ ಅವರು ವಿವರಿಸಿದ್ದರು. ಈ ರೋಗಿಗಳ ಮೇಲೆ ನಾರ್ವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೆಳ್ಳಗಾಗಬೇಕೆಂಬ ಹಂಬಲವನ್ನು ತಗ್ಗಿಸುವುದರಲ್ಲಿ ವ್ಯಾಯಾಮವು ಮಾತಿನ ಚಿಕಿತ್ಸೆಗಿಂತಲೂ ಮುಂದಿತ್ತು. ಅಮೆರಿಕದ ಸಿಯಾಟಲ್‌ನಲ್ಲಿ ಎಳೆಯರಿಗೆ ಎಂಟು ವಾರ ಯೋಗ ಕಲಿಸಿ ನೋಡಿದ 2010ರ ವರದಿಯೂ ಆಶಾದಾಯಕ. ಆಸನಗಳಾದ ಮೇಲೆ ಆಹಾರದ ಚಿಂತೆ ತಗ್ಗಿತ್ತು, ತೂಕ ಇಳಿದಿರಲಿಲ್ಲ. ಇವೆಲ್ಲ ಸಣ್ಣ ಅಧ್ಯಯನಗಳು. ವೈದ್ಯನನ್ನೂ ಊಟವನ್ನೂ ಬಿಟ್ಟು ವ್ಯಾಯಾಮವೊಂದೇ ಗುಣಪಡಿಸುವುದೆಂದು ಯಾರೂ ಹೇಳಿಲ್ಲ.

ಶಾಲೆಯ ಮೈದಾನದಲ್ಲಿ ಈ ಕಾಯಿಲೆಯನ್ನು ಗುರುತಿಸುವುದು ಕಷ್ಟ. ಜ್ವರವಿದ್ದರೂ, ಕಾಲು ಉಳುಕಿದ್ದರೂ ಓಡಲು ಬರುವ ವಿದ್ಯಾರ್ಥಿನಿ ಶಿಕ್ಷಕರ ಕಣ್ಣಿಗೆ ಶ್ರದ್ಧಾವಂತಳಾಗಿಯೇ ಕಾಣುತ್ತಾಳೆ, ಬಹುಮಾನವೂ ದೊರೆತೀತು. ಒಂದು ದಿನ ಓಟ ತಪ್ಪಿದರೆ ಅವಳು ಕಳವಳಗೊಳ್ಳುವಳೇ, ಅಂದಿನ ಊಟವನ್ನೂ ಬಿಡುವಳೇ ಎಂಬುದನ್ನು ಆಕೆಯ ಗೆಳತಿಯರು ಬಲ್ಲರು.