ಇಸಿಯಲ್ಲಿ ಕಾಣದ ದಾವೆ

ಹೊಸೂರು ರಸ್ತೆಯಿಂದ ಆನೇಕಲ್ ದಾರಿ ಕವಲೊಡೆಯುವುದು ಚಂದಾಪುರದಲ್ಲಿ. ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ ದುಡಿಯುವವರು ಇಲ್ಲಿ ಸೈಟು ಕೊಳ್ಳಲು ಬಂದರೆ ಮೊದಲು ಕೈಗೆ ಸಿಗುವ ಕಾಗದ ಇಸಿ, ಅಂದರೆ ಋಣಭಾರ ಪತ್ರ. ಅದು ಸರಿಯಿದ್ದರೆ ಎಲ್ಲವೂ ಸರಿ ಎಂದು ನಂಬಿ ಮುಂಗಡ ಕೊಡುವವರೇ ಹೆಚ್ಚು. ಆ ನಂಬಿಕೆ ಅಪಾಯಕಾರಿ.

ಇಸಿಯಲ್ಲಿ ಇರುವುದು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದ ಪತ್ರಗಳ ಪಟ್ಟಿ ಮಾತ್ರ. 2004ರ ಏಪ್ರಿಲ್‌ನಿಂದ ಈಚಿನದು 'ಕಾವೇರಿ' ಜಾಲತಾಣದಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಕಚೇರಿಗೇ ಅರ್ಜಿ ಹಾಕಬೇಕು. ಇದಕ್ಕೆ ಮಾರುವವರ ಒಪ್ಪಿಗೆ ಬೇಕಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿ ಪತ್ರಗಳ ಒಂದನೇ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಉಯಿಲುಗಳ ಪುಸ್ತಕಕ್ಕೆ ಈ ಅವಕಾಶವಿಲ್ಲ.

ಅದೇ ಜಮೀನಿನ ಮೇಲೆ ಅಣ್ಣತಮ್ಮಂದಿರ ಭಾಗದ ದಾವೆ ನಡೆಯುತ್ತಿದ್ದರೆ? ಇಸಿಯಲ್ಲಿ ಅದು ಕಾಣಲೇಬೇಕೆಂದೇನಿಲ್ಲ. ಮಹಾರಾಷ್ಟ್ರ, ಗುಜರಾತ್‌ಗಳಲ್ಲಿ ದಾವೆಯ ನೋಟೀಸನ್ನು ನೋಂದಾಯಿಸುವ ತಿದ್ದುಪಡಿ ಇದೆ, ನಮ್ಮಲ್ಲಿಲ್ಲ. ಆದರೂ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಮು, ದಾವೆ ನಡೆಯುವಾಗ ಕೊಂಡವನನ್ನು ಅದರ ತೀರ್ಪಿಗೆ ಕಟ್ಟಿಹಾಕುತ್ತದೆ. ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ.

ಆದ್ದರಿಂದ ನ್ಯಾಯಾಲಯದ ದಾಖಲೆ ಹುಡುಕಲೇಬೇಕು. ಇ-ಕೋರ್ಟ್ಸ್ ಜಾಲತಾಣ ಎಲ್ಲರಿಗೂ ತೆರೆದಿದೆ, ದುಡ್ಡು ಕಟ್ಟಬೇಕಿಲ್ಲ. ಹೊಸಬರು ಎಡವುವ ಜಾಗ ಇಲ್ಲೊಂದಿದೆ. ಕಂದಾಯದ ಲೆಕ್ಕದಲ್ಲಿ ಆನೇಕಲ್ ತಾಲ್ಲೂಕು ಬೆಂಗಳೂರು ನಗರ ಜಿಲ್ಲೆಗೆ ಸೇರಿದ್ದು. ಆದರೆ ಆನೇಕಲ್ ನ್ಯಾಯಾಲಯಗಳು ಬೆಂಗಳೂರು ಗ್ರಾಮಾಂತರ ನ್ಯಾಯಾಂಗ ಜಿಲ್ಲೆಯಲ್ಲಿವೆ. ನಗರ ಜಿಲ್ಲೆಯಲ್ಲಷ್ಟೇ ಹುಡುಕಿದರೆ ಏನೂ ಸಿಗದೆ, ದಾವೆಯೇ ಇಲ್ಲವೆಂದು ಸಮಾಧಾನಪಟ್ಟುಕೊಳ್ಳುವಂತಾಗುತ್ತದೆ.

ಇ-ಕೋರ್ಟ್ಸ್‌ನಲ್ಲಿ ಸರ್ವೆ ನಂಬರಿನಿಂದ ಹುಡುಕಲು ಬರುವುದಿಲ್ಲ, ಕಕ್ಷಿದಾರರ ಹೆಸರು ಬೇಕು. ಹೆಸರುಗಳು ಸಿಗುವುದು ಕಂದಾಯ ಇಲಾಖೆಯ 'ಭೂಮಿ' ಜಾಲತಾಣದ ಪಹಣಿಯಲ್ಲಿ. ಒಂಬತ್ತನೇ ಕಾಲಂ ಸ್ವಾಧೀನದಾರರದು, ಹನ್ನೊಂದನೆಯದು ಸಾಲ ಮತ್ತು ಇತರ ಹಕ್ಕುಗಳದು. ಈಗಿನ ಪಹಣಿಯೊಂದೇ ಸಾಲದು. ಸೈಟು ಆಗುವ ಮುಂಚಿನ ಹಳೆಯ ಪಹಣಿ, ಮ್ಯುಟೇಷನ್ ಪ್ರತಿ, ಮನೆತನದ ವಂಶವೃಕ್ಷ ಎಲ್ಲವನ್ನೂ ತರಿಸಿಕೊಳ್ಳಿ. ಪಹಣಿಯಲ್ಲಿ ಗಂಡುಮಕ್ಕಳ ಹೆಸರಷ್ಟೇ ಏರಿರುವುದು ಸಾಮಾನ್ಯ. ಆದರೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಖಚಿತಪಡಿಸಿತು. ದಾವೆ ಹೂಡಿದವರು ಮದುವೆಯಾಗಿ ಹೋದ ಮಗಳೋ, ಮೊಮ್ಮಗಳೋ ಆಗಿರಬಹುದು. ಅವರ ಹೆಸರನ್ನೂ ಹಾಕಿ ನೋಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಹೆಸರು ನಾನಾ ರೂಪ ತಾಳುತ್ತದೆ. ಪೂರ್ತಿ ಹೆಸರಿನ ಬದಲು ಮೊದಲ ಕೆಲವು ಅಕ್ಷರ ಹಾಕಿ, ವರ್ಷ ಬದಲಿಸುತ್ತ, ಮುಗಿದ ಮೊಕದ್ದಮೆಗಳನ್ನೂ ಸೇರಿಸಿ ಹುಡುಕಬೇಕು. ಬೇಸರದ ಕೆಲಸ ನಿಜ, ಆದರೆ ಇಡೀ ತಪಾಸಣೆಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಮ್ಯುಟೇಷನ್‌ನಲ್ಲಿ ಸರ್ಕಾರದ 'ಮಂಜೂರಾತಿ' ಎಂದು ಕಂಡರೆ ಎಚ್ಚರ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ, ಅಂಥ ಜಮೀನಿನ ಪರಭಾರೆಯನ್ನು ನಿರ್ಬಂಧಿಸುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯ ತಕರಾರು ನಡೆಯುವುದು ಸಿವಿಲ್ ಕೋರ್ಟಿನಲ್ಲಲ್ಲ, ಉಪವಿಭಾಗಾಧಿಕಾರಿಯ ಮುಂದೆ. ಅಲ್ಲಿಯೂ ವಿಚಾರಿಸಬೇಕು.

ದಾವೆಯೊಂದು ಸಿಕ್ಕಿತೆಂದ ಮಾತ್ರಕ್ಕೆ ವ್ಯವಹಾರ ಬಿಟ್ಟುಬಿಡಬೇಕಿಲ್ಲ. ಮೊಕದ್ದಮೆ ನಂಬರು ಬರೆದುಕೊಂಡು, ವಕೀಲರ ಮೂಲಕ ಆನೇಕಲ್ ನ್ಯಾಯಾಲಯದಲ್ಲಿ ನಕಲಿಗೆ ಅರ್ಜಿ ಹಾಕಿಸಿ, ದಾವಾಪತ್ರದ ಕೊನೆಯಲ್ಲಿರುವ ಷೆಡ್ಯೂಲಿನ ಸರ್ವೆ ನಂಬರನ್ನೂ ಚೆಕ್ಕುಬಂದಿಯನ್ನೂ ನಿಮ್ಮ ಸೈಟಿನದರೊಂದಿಗೆ ಹೋಲಿಸಿ. ಅದು ಮುಗಿಯುವ ತನಕ ಮುಂಗಡ ಕೊಡಬೇಡಿ.