ಆಡಿಯೊ ಕೇಬಲ್ ಬದಲಿಸುವ ಮುನ್ನ ಮನೆಯ ಅರ್ಥಿಂಗ್ ನೋಡಿ

ಮದ್ದೂರು: ಆಂಪ್ಲಿಫೈಯರ್ ಹೊಸದು, ಸ್ಪೀಕರ್‌ಗಳೂ ಒಳ್ಳೆಯ ಕಂಪನಿಯವು. ಆದರೂ ಹಾಡು ನಿಂತ ಕೂಡಲೇ ಸ್ಪೀಕರ್‌ನಿಂದ ‘ಗುಂಯ್’ ಎಂಬ ಸದ್ದು. ಇಂತಹ ದೂರು ಹೊತ್ತು ಬೆಂಗಳೂರಿನ ಎಸ್.ಪಿ. ರಸ್ತೆಗೋ ಮೈಸೂರಿನ ಅಂಗಡಿಗೋ ಹೋದವರ ಮುಂದೆ ಹಲವು ಬಾರಿ ಬಂದು ಕೂರುವುದು ಹೊಸ ಕೇಬಲ್‌ಗಳ ಕಟ್ಟು. ಹೆಬ್ಬೆರಳು ಗಾತ್ರದ ಪವರ್ ಕಾರ್ಡ್, ಚಿನ್ನದ ಲೇಪನದ ಪ್ಲಗ್, ‘ಆಮ್ಲಜನಕರಹಿತ ತಾಮ್ರ’ ಎಂಬ ಮುದ್ರೆ. ಕೆಲವದರ ಬೆಲೆ ಆಂಪ್ಲಿಫೈಯರ್‌ನ ಬೆಲೆಯನ್ನೂ ಮೀರುತ್ತದೆ. ಈ ಹಣಕ್ಕೆ ತಕ್ಕ ಫಲ ಕಿವಿಗೆ ದಕ್ಕುವುದೇ?

ಪವರ್ ಕಾರ್ಡ್‌ನಿಂದಲೇ ಆರಂಭಿಸಬಹುದು. ಮದ್ದೂರಿನ ನೆರೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ ತಂತಿ ಕ್ರಮಿಸಿದ ದೂರ ಸುಮಾರು 147 ಕಿಲೋಮೀಟರ್. ಇಂದು ಮದ್ದೂರಿನ ಮನೆಗೆ ಬರುವ ವಿದ್ಯುತ್ತೂ ಹತ್ತಾರು ಊರುಗಳ ಮೇಲೆ ಹಾದು, ಉಪಕೇಂದ್ರ ಮತ್ತು ಬೀದಿಯ ಟ್ರಾನ್ಸ್‌ಫಾರ್ಮರ್ ದಾಟಿ, ಕಂಬದ ಅಲ್ಯೂಮಿನಿಯಂ ತಂತಿಯಲ್ಲಿ ಸಾಗಿ, ಗೋಡೆಯೊಳಗಿನ ವೈರಿನ ಮೂಲಕ ಪ್ಲಗ್ ತಲುಪುತ್ತದೆ. ಅಷ್ಟು ಪಯಣದ ಕೊನೆಯ ಒಂದೂವರೆ ಮೀಟರ್ ಮಾತ್ರ ದುಬಾರಿಯಾದರೆ ಹಿಂದಿನದ್ದೆಲ್ಲ ಶುದ್ಧವಾಗುವುದಿಲ್ಲ. ಮೇಲಾಗಿ ಆಂಪ್ಲಿಫೈಯರ್ ಈ ವಿದ್ಯುತ್ತನ್ನು ನೇರವಾಗಿ ಹಾಡಾಗಿಸುವುದೂ ಇಲ್ಲ. ಒಳಗಿನ ಪವರ್ ಸಪ್ಲೈ ಅದನ್ನು ಡಿ.ಸಿ.ಗೆ ಪರಿವರ್ತಿಸಿ, ಕೆಪಾಸಿಟರ್‌ಗಳಲ್ಲಿ ಸೋಸಿಯೇ ಮುಂದಕ್ಕೆ ಬಿಡುತ್ತದೆ. ಸಾಮರ್ಥ್ಯಕ್ಕೆ ತಕ್ಕ, ಐಎಸ್‌ಐ ಗುರುತಿನ ಸಾಧಾರಣ ಕಾರ್ಡ್ ಸಾಕು. ಆದರೆ ಸಡಿಲವಾದ, ಬಿಸಿಯಾಗುವ, ಕಪ್ಪಾದ ಸಾಕೆಟ್ ಮಾತ್ರ ತಕ್ಷಣ ಬದಲಾಗಬೇಕು. ಅದು ಸಂಗೀತದ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ.

ಸ್ಪೀಕರ್ ವೈರಿನಲ್ಲಿ ಲೆಕ್ಕವಿದೆ

ಸ್ಪೀಕರ್ ವೈರಿನ ಮಾತು ಬೇರೆ. ಇಲ್ಲಿ ದಪ್ಪಕ್ಕೆ ನಿಜವಾದ ಬೆಲೆಯಿದೆ. ಒಂದು ಚದರ ಮಿ.ಮೀ. ತಾಮ್ರದ ತಂತಿಯ ಪ್ರತಿರೋಧ ಮೀಟರಿಗೆ ಸುಮಾರು 0.017 ಓಮ್. ಸ್ಪೀಕರ್ 10 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 20 ಮೀಟರ್, ಪ್ರತಿರೋಧ ಸುಮಾರು 0.34 ಓಮ್. 8 ಓಮ್ ಸ್ಪೀಕರ್‌ಗೆ ಇದರಿಂದಾಗುವ ನಷ್ಟ 0.4 ಡೆಸಿಬಲ್ ಒಳಗೇ. 2.5 ಚದರ ಮಿ.ಮೀ. ವೈರ್ ಹಾಕಿದರೆ ಅದು 0.15 ಡೆಸಿಬಲ್‌ಗೆ ಇಳಿಯುತ್ತದೆ. ಅದಕ್ಕಿಂತ ಮುಂದೆ ಹೋದರೆ ಕಿವಿಗೆ ಸಿಗುವ ಲಾಭ ಇಲ್ಲವೆನ್ನುವಷ್ಟು ಕಡಿಮೆ. 4 ಓಮ್ ಸ್ಪೀಕರ್ ಆಗಿದ್ದರೆ ನಷ್ಟ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ದಪ್ಪ ವೈರೇ ಲೇಸು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಎರಡು ಎಳೆಯ ತಾಮ್ರದ ಫ್ಲೆಕ್ಸಿಬಲ್ ವೈರ್ ಈ ಕೆಲಸಕ್ಕೆ ಧಾರಾಳ ಸಾಕು.

ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ 1983ರಲ್ಲೇ ಈ ಬಗ್ಗೆ ಕೇಳುಗರ ಪರೀಕ್ಷೆ ನಡೆಸಿತ್ತು. ಯಾವ ಕೇಬಲ್ ಎಂಬುದನ್ನು ಮರೆಮಾಚಿ ಕೇಳಿಸಿದಾಗ, ಬಹು ತೆಳುವಾದ ತಂತಿ ಮತ್ತು ದಪ್ಪ ತಂತಿಯ ನಡುವಿನ ವ್ಯತ್ಯಾಸವನ್ನು ಪರೀಕ್ಷಾ ಶಬ್ದದಲ್ಲಿ ಗುರುತಿಸಲು ಸಾಧ್ಯವಾಯಿತು. ಸಾಕಷ್ಟು ದಪ್ಪವಿರುವ ಸಾಧಾರಣ ತಂತಿಗೂ ದುಬಾರಿ ಕೇಬಲ್‌ಗೂ ಸಂಗೀತದಲ್ಲಿ ಅಂತರ ಹೇಳುವುದು ಸಾಧ್ಯವಾಗಲಿಲ್ಲ.

ಖರೀದಿಯಲ್ಲಿ ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ತಾಮ್ರದ ಲೇಪನ ಮಾಡಿದ ಅಲ್ಯೂಮಿನಿಯಂ ತಂತಿಯೂ ಮಾರುಕಟ್ಟೆಯಲ್ಲಿದೆ. ಅಲ್ಯೂಮಿನಿಯಂನ ಪ್ರತಿರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ಎಳೆಯನ್ನು ಚಾಕುವಿನಿಂದ ಕೆರೆದಾಗ ಬೆಳ್ಳಗೆ ಕಂಡರೆ, ಕೈಗೆ ಹಗುರವೆನಿಸಿದರೆ ಅನುಮಾನಿಸಬೇಕು. ಜೋಡಿಸುವಾಗ ಪ್ಲಸ್, ಮೈನಸ್ ಅದಲುಬದಲಾಗದಂತೆಯೂ ನೋಡಿಕೊಳ್ಳಬೇಕು. ಎರಡರಲ್ಲಿ ಒಂದು ಸ್ಪೀಕರ್ ತಿರುವುಮುರುವಾದರೂ ಮೃದಂಗದ ಎಡಭಾಗದ ಗುಮುಕಿ ಮಾಯವಾಗುತ್ತದೆ. ಸಾವಿರಾರು ರೂಪಾಯಿಯ ಕೇಬಲ್ ತಂದರೂ ಬಾರದ ಆ ದನಿ, ಸ್ಕ್ರೂ ಡ್ರೈವರ್ ಹಿಡಿದು ತಂತಿ ಸರಿಪಡಿಸಿದರೆ ಐದು ನಿಮಿಷದಲ್ಲಿ ಮರಳುತ್ತದೆ.

‘ಗುಂಯ್’ ಸದ್ದಿನ ಮೂಲ

ಮೊದಲಿನ ದೂರಿಗೆ ಬರೋಣ. ಹೀಗೆ ನಿರಂತರ ಕೇಳುವ ಸದ್ದು ಬಹುಪಾಲು 50 ಅಥವಾ 100 ಹರ್ಟ್ಸ್‌ನದು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಎಂಬುದೇ ಇದರ ಸುಳಿವು. ಆಂಪ್ಲಿಫೈಯರ್ ಮನೆಯ ಅರ್ಥ್‌ಗೆ ಸೇರಿರುತ್ತದೆ. ಅದಕ್ಕೆ ಜೋಡಿಸಿದ ಟಿ.ವಿ.ಗೆ ಬರುವ ಕೇಬಲ್ ಬೀದಿಯ ಇನ್ನೊಂದು ಕಡೆ ಅರ್ಥ್ ಆಗಿರಬಹುದು. ಈ ಎರಡು ಅರ್ಥ್‌ಗಳ ನಡುವೆ ಸಣ್ಣ ವೋಲ್ಟೇಜ್ ಅಂತರವಿದ್ದರೂ ಆಡಿಯೊ ಕೇಬಲ್‌ನ ಹೊರಕವಚದ ಮೂಲಕ ವಿದ್ಯುತ್ ಹರಿದು ಸದ್ದಾಗುತ್ತದೆ. ಇದನ್ನೇ ‘ಗ್ರೌಂಡ್ ಲೂಪ್’ ಎನ್ನುವುದು. ಟಿ.ವಿ. ಕೇಬಲ್ ಕಿತ್ತಾಗ ಸದ್ದು ನಿಂತರೆ ರೋಗ ಪತ್ತೆಯಾದಂತೆ. ಎಲ್ಲ ಉಪಕರಣಗಳನ್ನು ಒಂದೇ ಸಾಕೆಟ್‌ನ ಪಟ್ಟಿಗೆ ಜೋಡಿಸುವುದು, ಟಿ.ವಿ. ಕೇಬಲ್‌ಗೆ ಐಸೊಲೇಟರ್ ಹಾಕುವುದು ಇದಕ್ಕೆ ಮದ್ದು.

ಆದರೆ ಹಲವರು ಹಿಡಿಯುವ ಅಡ್ಡದಾರಿ ಬೇರೆ: ಪ್ಲಗ್‌ನ ದಪ್ಪನೆಯ ಮೂರನೇ ಪಿನ್ ಕತ್ತರಿಸುವುದು, ಇಲ್ಲವೇ ಎರಡು ಪಿನ್‌ನ ಅಡಾಪ್ಟರ್ ಸಿಕ್ಕಿಸುವುದು. ಸದ್ದೇನೋ ನಿಲ್ಲುತ್ತದೆ. ಆದರೆ ಆಂಪ್ಲಿಫೈಯರ್‌ನ ಲೋಹದ ಕವಚಕ್ಕಿದ್ದ ಏಕೈಕ ರಕ್ಷಣೆಯೂ ಹೋಗುತ್ತದೆ. ಒಳಗೆ ತಂತಿಯ ಹೊದಿಕೆ ಸುಟ್ಟು ಕವಚಕ್ಕೆ ತಗುಲಿದರೆ 230 ವೋಲ್ಟ್ ಅಲ್ಲೇ ನಿಂತಿರುತ್ತದೆ. ಆಡಿಯೊ ಕೇಬಲ್ ಮೂಲಕ ಪಕ್ಕದ ಉಪಕರಣಗಳಿಗೂ ಹಬ್ಬುತ್ತದೆ. ನೆಲ ಒರೆಸುವ ಒದ್ದೆ ಕೈಯೋ ಮಗುವಿನ ಕೈಯೋ ಮುಟ್ಟುವವರೆಗೆ ಅದು ಯಾರಿಗೂ ತಿಳಿಯುವುದಿಲ್ಲ. (ಒಂದರೊಳಗೊಂದು ಚೌಕದ ಗುರುತಿದ್ದು, ಎರಡು ಪಿನ್‌ನೊಂದಿಗೇ ಬರುವ ಉಪಕರಣಗಳ ವಿನ್ಯಾಸವೇ ಬೇರೆ, ಅವಕ್ಕೆ ಅರ್ಥ್ ಬೇಕಿಲ್ಲ.)

ಮೂರನೇ ಪಿನ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಎನ್ನುವಂತೆಯೂ ಇಲ್ಲ. ಹಳೆಯ ಮನೆಗಳಲ್ಲಿ ಹಿತ್ತಲಿನ ಅರ್ಥ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿ ಮುಚ್ಚಿದ್ದನ್ನು ಆಮೇಲೆ ತಿರುಗಿ ನೋಡಿದವರಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿದಾಗ ಅದರ ಪ್ರತಿರೋಧ ಏರುತ್ತದೆ. ಆಗಾಗ ನೀರು ಹೊಯ್ಯಬೇಕೆನ್ನುವುದು ಇದಕ್ಕಾಗಿಯೇ. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದ ಅರ್ಥ್ ಪರೀಕ್ಷೆ ಮಾಡಿಸಿ, ಬೋರ್ಡ್‌ಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಅದೇ ಮನೆಯ ಆಡಿಯೊ ವ್ಯವಸ್ಥೆಗೆ ಮಾಡಬಹುದಾದ ಅತ್ಯುತ್ತಮ ಖರ್ಚು.

ವೋಲ್ಟೇಜ್, ಇನ್ವರ್ಟರ್, ಸಿಡಿಲು

ಮನೆಗೆ 230 ವೋಲ್ಟ್ ಬರಬೇಕು. ಕಬ್ಬು, ಭತ್ತದ ಗದ್ದೆಗಳ ಪಂಪ್‌ಸೆಟ್‌ಗಳು ಅದೇ ಮಾರ್ಗದಲ್ಲಿದ್ದರೆ ಮೋಟಾರ್ ಶುರುವಾದಾಗ ದೀಪ ಮಂಕಾಗುವುದು ಮಂಡ್ಯ ಸೀಮೆಯವರಿಗೆ ಹೊಸತಲ್ಲ. ಅಂತಹ ಕಡೆ ಸ್ಟೆಬಿಲೈಸರ್ ಉಪಯುಕ್ತ. ಸ್ಪೈಕ್ ಬಸ್ಟರ್‌ಗೆ ಮಾತ್ರ ಮಿತಿಯಿದೆ: ಅದು ಕ್ಷಣಮಾತ್ರದ ಏರಿಕೆಯನ್ನು ತಡೆಯಬಲ್ಲದು, ಅದೂ ಸರಿಯಾದ ಅರ್ಥ್ ಇದ್ದರೆ. ಕಂಬದಲ್ಲಿ ನ್ಯೂಟ್ರಲ್ ತಂತಿ ತುಂಡಾದರೆ ಮನೆಗೆ 400 ವೋಲ್ಟ್ ಸಮೀಪದ ಒತ್ತಡ ನುಗ್ಗಬಹುದು. ಅದಕ್ಕೆ ಹೆಚ್ಚು ವೋಲ್ಟೇಜ್ ಬಂದೊಡನೆ ಸಂಪರ್ಕ ಕಡಿಯುವ ಸಾಧನವೇ ಬೇಕು.

ಕರೆಂಟ್ ಹೋದಾಗ ಮಾತ್ರ ಆಂಪ್ಲಿಫೈಯರ್ ಗೊರಗೊರ ಎಂದರೆ ಕೇಬಲ್ ದೂಷಿಸಬೇಕಿಲ್ಲ. ಅಗ್ಗದ ‘ಸ್ಕ್ವೇರ್ ವೇವ್’ ಇನ್ವರ್ಟರ್ ಇರುವ ಮನೆಗಳಲ್ಲಿ ಇದು ಸಾಮಾನ್ಯ. ಸೈನ್ ವೇವ್ ಇನ್ವರ್ಟರ್‌ನಲ್ಲಿ ಈ ತೊಂದರೆ ಬಹುತೇಕ ಇರುವುದಿಲ್ಲ.

ಇನ್ನು ಏಪ್ರಿಲ್, ಮೇ ತಿಂಗಳ ಗುಡುಗು ಮಳೆ. ಸಮೀಪದಲ್ಲೇ ಬಡಿಯುವ ಸಿಡಿಲನ್ನು ಯಾವ ಬೆಲೆಯ ಸ್ಪೈಕ್ ಬಸ್ಟರ್ ಕೂಡ ಖಚಿತವಾಗಿ ತಡೆಯಲಾರದು. ಮೋಡ ಕವಿದು ದೂರದಲ್ಲಿ ಗುಡುಗು ಕೇಳುತ್ತಿದ್ದಂತೆಯೇ, ಸಿಡಿಲು ಹತ್ತಿರವಾಗುವ ಮೊದಲು, ಪ್ಲಗ್ ಕಿತ್ತಿಡಬೇಕು. ಜತೆಗೆ ಟಿ.ವಿ. ಕೇಬಲ್ಲನ್ನೂ, ಹಲವರು ಮರೆಯುವುದು ಅದನ್ನೇ.